ವಲ್ಲಿಯ ಕೆಳಗಿನ ದರ

ಮುದ್ದೇಬಿಹಾಳದ ದನದ ಸಂತೆಯಲ್ಲಿ ಕಾಸಿಂಸಾಬನ ಬಾಯಿಗೆ ಕೆಲಸವೇ ಇರಲಿಲ್ಲ. ಅವನು ದಲಾಲ. ಮಾರುವವನ ಕೈ ಹಿಡಿದು ಮೇಲೆ ತನ್ನ ಹೆಗಲ ಮೇಲಿನ ಬಟ್ಟೆ, ವಲ್ಲಿ, ಹೊದಿಸುತ್ತಿದ್ದ. ಒಳಗೆ ಬೆರಳು ಹಿಡಿದರೆ ನೂರು, ಗೆಣ್ಣು ಒತ್ತಿದರೆ ಹತ್ತು. ಆಮೇಲೆ ಕೊಳ್ಳುವವನ ಕೈ, ಅದೇ ವಲ್ಲಿ. ಪಕ್ಕದಲ್ಲಿ ನಿಂತವನಿಗೂ ದರದ ಸುಳಿವು ಸಿಗುತ್ತಿರಲಿಲ್ಲ. ಒಬ್ಬ ಕೊಟ್ಟದ್ದಕ್ಕೂ ಇನ್ನೊಬ್ಬನಿಗೆ ಸಿಕ್ಕಿದ್ದಕ್ಕೂ ನಡುವೆ ಉಳಿದದ್ದು ಎಲ್ಲಿಗೆ ಹೋಯಿತೆಂದು ಕೇಳುವ ರೂಢಿಯೂ ಇರಲಿಲ್ಲ. ಕಾಸಿಂಸಾಬ ಕಳ್ಳನಲ್ಲ, ಎಲ್ಲ ದಲಾಲರೂ ಮಾಡಿದ್ದನ್ನೇ ಮಾಡುತ್ತಿದ್ದ. ಹಾಗಂತ ಸಂತನೂ ಅಲ್ಲ ಬಿಡಿ.

ಆಣೆ ಹೋಗಿ ನಯಾ ಪೈಸೆ ಬಂದ ವರ್ಷ ನಾಲತವಾಡದ ಹೊನ್ನವ್ವ ತನ್ನ ಕಿಲಾರಿ ಎತ್ತಿನ ಜೋಡಿ ಹೊಡೆದುಕೊಂಡು ಆ ಸಂತೆಗೆ ಬಂದಳು. ಗಂಡ ತೀರಿದ ಮೇಲೆ ಹೊಲವನ್ನು ಪಾಲಿಗೆ ಕೊಟ್ಟಿದ್ದಳು. ಅವಳ ಮನಸ್ಸೆಲ್ಲ ಒಂದು ಹಿಟ್ಟಿನ ಗಿರಣಿಯ ಮೇಲೆ ಕೂತಿತ್ತು. ಅವಳ ಓಣಿಯ ಹೆಂಗಸರು ಇನ್ನೂ ಕೋಳಿ ಕೂಗುವ ಮೊದಲೇ ಎದ್ದು ಬೀಸುಕಲ್ಲಿನ ಮುಂದೆ ಕೂರುತ್ತಿದ್ದರು. ಪರಿಚಯದವರೊಬ್ಬರು ಹಳೆಯ ಇಂಜಿನ್ನು, ಕಲ್ಲು ಎಲ್ಲ ಮಾರುತ್ತಿದ್ದರು. ಈ ಸಂತೆ ಮುಗಿಯುವುದರೊಳಗೆ ಎಂಟುನೂರು ತಂದರೆ ಅವಳಿಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದಿದ್ದರು.

ಕಾಸಿಂಸಾಬ ರೂಢಿಯಂತೆ ವಲ್ಲಿ ಎಳೆದು ಕೈ ಚಾಚಿಯೇ ಬಿಟ್ಟ. ಎದುರಿಗಿದ್ದದ್ದು ಬಳೆಯಿಲ್ಲದ ಹೆಣ್ಣಿನ ಕೈ. ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅವನ ಕಿವಿ ಕೆಂಪಾದವು. ಪರಹೆಂಗಸಿನ ಕೈ ಸಂತೆಯಲ್ಲಿ ಯಾರು ಹಿಡಿದಾರು? ಹೆಂಗಸಿನ ದನವೆಂದರೆ ಅಣ್ಣನೋ ಮೈದುನನೋ ಬಂದು ಬೆರಳು ಕೊಡುವುದು ವಾಡಿಕೆ.

"ಗಂಡಸ್ರು ಯಾರೂ ಬಂದಿಲ್ಲೇನ ತಂಗಿ?"

"ಯಾಕ್ರಿ ಸಾಬರ? ಎತ್ತು ನನ್ನವು ಅದಾವು. ಮೈದುನನ ಕೈ ಹಿಡದ್ರ ದರ ಅವಂಗ ಗೊತ್ತಾಗತೈತಿ, ನನಗಲ್ಲ."

ಅಷ್ಟರಲ್ಲಿ ನಿಡಗುಂದಿಯ ರೈತ ಶ್ರೀಶೈಲಪ್ಪ ಹತ್ತಿರ ಬಂದು ವಲ್ಲಿಯೊಳಗೆ ಕೈ ತೂರಿಸಿ ಕಾಸಿಂಸಾಬನ ಬೆರಳು ಒತ್ತಿದ. ಐನೂರಾ ಐವತ್ತು. ಆಮೇಲೆ ಕಣ್ಣು ಹೊಡೆದ. ಅವಳಿಗೆ ಐನೂರೆಂದು ಹೇಳಿದರೆ ಐವತ್ತು ಕಾಸಿಂಸಾಬನದು. ವ್ಯವಹಾರ ಮುಗಿದಂತೆಯೇ.

ಅಲ್ಲೇ ನಿಂತಿದ್ದ ಬಸಂತರಾಯ ಗೌಡರಿಗೆ ಹೊನ್ನವ್ವನ ಮೇಲೆ ನಿಜಕ್ಕೂ ಕನಿಕರ ಬಂತು. ಊರ ನ್ಯಾಯ ಬಗೆಹರಿಸುವ ದೊಡ್ಡ ಮನುಷ್ಯ ಅವರು. "ಹೊನ್ನವ್ವಾ, ನಾವು ಹಿರೇರು ಕೂಡಿ ಒಂದು ದರ ಕಟ್ತೇವಿ. ಆರುನೂರು. ಯಾರಿಗೂ ಅನ್ಯಾಯ ಆಗೂದಿಲ್ಲ."

"ಗೌಡ್ರ, ನಿಮಗ ಎತ್ತು ಬೇಕಾಗ್ಯಾವೇನ್ರಿ?"

"ನನಗ್ಯಾಕವ್ವಾ? ಹಟ್ಟಿ ತುಂಬ ಅದಾವು."

"ಬ್ಯಾಡಾದವ್ರು ದರ ಹೆಂಗ ಕಟ್ತೀರಿ? ಬೇಕಾದವ್ರು ಹೇಳಲಿ. ಬಾಯಿ ಬಿಟ್ಟು ಹೇಳಲಿ, ಮಂದಿ ಕೇಳಲಿ." ಅವಳು ಕಾಸಿಂಸಾಬನ ಕಡೆ ತಿರುಗಿದಳು. "ನೀವ ಒದರ್ರಿ ಸಾಬರ. ನೂರಕ್ಕ ಎರಡು ನಿಮಗ. ಎಲ್ಲಾರ ಎದುರಿಗೆ ಕೊಡ್ತೇನಿ."

ಉಳಿದ ದಲಾಲರು ಬೇಡವೆಂದು ದೂರದಿಂದಲೇ ತಲೆ ಆಡಿಸಿದರು. ಒಮ್ಮೆ ದರ ಬಯಲಿಗೆ ಬಂದರೆ ವಲ್ಲಿಯನ್ನು ಮೈ ಒರೆಸಿಕೊಳ್ಳಲಿಕ್ಕಷ್ಟೇ ಇಟ್ಟುಕೊಳ್ಳಬೇಕು. ಅದು ಕಾಸಿಂಸಾಬನಿಗೂ ಗೊತ್ತಿತ್ತು. ಅವನು ಹೊನ್ನವ್ವನ ಮುಖ ನೋಡಿದ. ಅವಳು ಅಳುತ್ತಿರಲಿಲ್ಲ, ಬೇಡುತ್ತಲೂ ಇರಲಿಲ್ಲ. ತನ್ನ ಮಾಲಿನ ಪಕ್ಕದಲ್ಲಿ ನೆಟ್ಟಗೆ ನಿಂತಿದ್ದಳು. ಎಂಥ ಗಟ್ಟಿ ಹೆಣ್ಣುಮಗಳಪ್ಪ ಎಂದು ಅವನಿಗೆ ಎದೆ ತುಂಬಿ ಬಂತು.

ವಲ್ಲಿ ಹೆಗಲಿಗೇರಿಸಿದ. "ನಾಲತವಾಡದ ಜೋಡಿ! ಐನೂರಾ ಐವತ್ತು ಬಂದೈತಿ!" ಎಂದು ಒದರಿದ. ರೂಢಿಯಿಲ್ಲದ ದನಿ ನಡುವೆ ಒಡೆಯಿತು.

"ಏ, ನನ್ನ ದರ ಯಾಕ ಹೇಳ್ತೀಯೋ?" ಎಂದು ಶ್ರೀಶೈಲಪ್ಪ ಹಾರಾಡಿದ. ಅವನ ಮಾತು ಮುಗಿಯುವುದರೊಳಗೆ ಸಿಂದಗಿ ಕಡೆಯ ರೈತನೊಬ್ಬ ಆರುನೂರೆಂದ. ಕಲ್ಲು ಹೇರುವ ಬಂಡಿಯವನು ಎತ್ತಿನ ಹೆಗಲು ತಟ್ಟಿ ನೋಡಿ ಆರುನೂರಾ ಐವತ್ತೆಂದ. ಶ್ರೀಶೈಲಪ್ಪ ಮೀಸೆ ಕಚ್ಚಿಕೊಂಡು ಏಳುನೂರೆಂದ. ಯಾರೂ ಯಾರಿಗೂ ಹುಕುಂ ಕೊಡಲಿಲ್ಲ, ಯಾರೂ ಕೈ ಮುಗಿಯಲಿಲ್ಲ. ಬಂಡಿಯವನ ಏಳುನೂರಾ ಎಂಬತ್ತಕ್ಕೆ ಸಂತೆ ತಣ್ಣಗಾಯಿತು. ಹೊನ್ನವ್ವ ಕಣ್ಣು ಮುಚ್ಚಿಕೊಂಡಳು. ಕಾಸಿಂಸಾಬ ಎರಡು ಸಲ ಒದರಿದ, ಮೂರನೆಯ ಸಲ ಬೇಕೆಂದೇ ತಡಮಾಡಿದ.

"ಎಂಟುನೂರಾ ಇಪ್ಪತ್ತು! ಹೋಗ್ಲಿ ಅತ್ಲಾಗ!" ಅಂದವನು ಶ್ರೀಶೈಲಪ್ಪ.

ಅವನು ಗೊಣಗುತ್ತಲೇ ಹಣ ಕೊಟ್ಟ. ಆದರೆ ಹಗ್ಗ ಕೈಗೆ ಬಂದದ್ದೇ ತಡ, ಸಂತೆಗೇ ಮಿಗಿಲಾದ ಜೋಡಿ ತನ್ನದೆಂದು ಎಲ್ಲರಿಗೂ ಗೊತ್ತಾಯಿತಲ್ಲ, ಎದೆ ಉಬ್ಬಿಸಿಕೊಂಡು ಬೇಕೆಂದೇ ಸಂತೆಯ ನಡುವಿನಿಂದ ಎತ್ತು ಹೊಡೆದುಕೊಂಡು ಹೋದ. ಹೊನ್ನವ್ವ ಹೇಳಿದ ದಲಾಲಿಯನ್ನು ಎಲ್ಲರೆದುರಿಗೇ ಕೊಟ್ಟಳು.

ಗಿರಣಿ ಬಂತು. ಓಣಿಯ ಬೀಸುಕಲ್ಲುಗಳು ಮೂಲೆ ಸೇರಿದವು. ಮುಂದೆ ಎದುರಿಗೇ ಇನ್ನೊಬ್ಬರು ಗಿರಣಿ ಹಾಕಿದಾಗ, ಅರ್ಜಿ ಕೊಟ್ಟು ನಿಲ್ಲಿಸೆಂದು ಹೇಳಿದವರಿಗೆ ಅವಳು, "ಬರಲಿ ಬಿಡ್ರಿ, ನಾನೂ ಹಿಟ್ಟು ಇನ್ನೀಟು ಸಣ್ಣಗ ಬೀಸ್ತೇನಿ" ಎಂದಳು. ಕಾಸಿಂಸಾಬ ಈ ಮಾತನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ.

ಆದರೆ ಆ ಸಂತೆಯ ದಿನ ಅವನಿಗೆ ಮಾತೇ ಹೊರಡುವಂತಿರಲಿಲ್ಲ. ಹೊನ್ನವ್ವನ ಹಿಂದೆಯೇ "ನಮ್ಮವೂ ಒದರ್ರಿ" ಎಂದು ಜನ ಮುತ್ತಿದ್ದರು. ಸಂಜೆ ಮನೆಗೆ ಬಂದಾಗ ಗಂಟಲು ಪೂರ್ತಿ ಕಟ್ಟಿತ್ತು. ಖುಷಿ ಮಾತ್ರ ಮುಖದಲ್ಲಿ ಹಿಡಿಸದಷ್ಟು.

"ಇವತ್ತ ಎಷ್ಟಾತ್ರಿ?" ಹೆಂಡತಿ ರಹಿಮಾಬಿ ಕೇಳಿದಳು. ಮದುವೆಯಾದಾಗಿನಿಂದ ಕೇಳುತ್ತಿದ್ದಳು, ಅವನು ಎಂದೂ ಹೇಳಿದವನಲ್ಲ.

ಇವತ್ತು ಹೇಳಬೇಕೆನಿಸಿತು. ಬಾಯಿ ತೆರೆದ, ಗಾಳಿಯಷ್ಟೇ ಬಂತು. ಅವಳ ಕೈ ಹಿಡಿದು, ಮೇಲೆ ವಲ್ಲಿ ಹೊದಿಸಿ, ಬೆರಳು ಒತ್ತತೊಡಗಿದ.

ರಹಿಮಾಬಿ ವಲ್ಲಿಯನ್ನು ಮೆಲ್ಲಗೆ ಎಳೆದು ಮಡಚಿಟ್ಟಳು. ಬೆಲ್ಲ ಹಾಕಿ ಕಾಯಿಸಿದ ನೀರು ತಂದು ಅವನ ಮುಂದೆ ಕೂತಳು.

"ಕುಡೀರಿ. ಇಷ್ಟು ವರ್ಷ ಕಾದೇನಿ, ಇನ್ನೀಟು ಕಾಯ್ತೇನಿ. ಬಾಯಿ ಬಿಟ್ಟ ಹೇಳ್ರಿ."