ಇವರು ಮುಚ್ಚಿಟ್ಟ ನೀರು

ಡಬ್ಬಿ ತೊಂಬತ್ತೊಂದು ತೋರಿಸಿತು. ಬೆಳಿಗ್ಗೆ ತೊಂಬತ್ತಾರು ಇತ್ತು. ಸೀಸೆ ಅದೇ, ನೀರೂ ಅದೇ.

ಭಾರಜಲ ನೋಡಲು ಮಾಮೂಲಿ ನೀರಿನಂತೆಯೇ ಇರುತ್ತದೆ. ಎರಡೂ ಬೆರೆತಿದ್ದರೆ ನೂರಕ್ಕೆ ಎಷ್ಟು ಭಾರಜಲ ಎಂದು ಹೇಳಲು ದುಬಾರಿ ಯಂತ್ರ ಬೇಕು. ಇವರು, ನನ್ನ ಗಂಡ, ಅದನ್ನೇ ಊಟದ ಡಬ್ಬಿಯೊಳಗೆ ಮಾಡಿದ್ದರು: ಪುಟ್ಟ ದೀಪ, ಹಳೆಯ ಫೋನಿನ ಕ್ಯಾಮೆರಾ, ಬಣ್ಣ ಹಚ್ಚಿದ ಕಾಗದದ ಪಟ್ಟಿ. ಪಟ್ಟಿಗೆ ಒಂದು ಹನಿ ಬಿಟ್ಟರೆ, ಭಾರಜಲ ಹೆಚ್ಚಿದಷ್ಟೂ ಅದು ಹೊಳೆಯುತ್ತದೆ; ಕ್ಯಾಮೆರಾ ಆ ಹೊಳಪನ್ನು ಅಂಕಿಯಾಗಿಸುತ್ತದೆ. ಡಬ್ಬಿ ಮುಗಿಸಿದ ತಿಂಗಳೇ ಇವರು ತೀರಿಹೋದರು.

ಒಂದೇ ನೀರಿಗೆ ಒಂದೇ ಅಂಕಿ ಬರಬೇಕು. ಸಂಜೆಯೊಳಗೆ ಬಾರದಿದ್ದರೆ ಡಬ್ಬಿ ಅಟ್ಟಕ್ಕೆ, ಇವರ ಮೇಜು ಬೇರೆಯವರಿಗೆ. ಪ್ರಯೋಗಾಲಯದ ಮೇಷ್ಟ್ರು ಹೇಳಿಬಿಟ್ಟಿದ್ದರು.

ಕೂರಲಾಗಲಿಲ್ಲ. ಕಿಟಕಿಗೆ ಹೋದೆ, ಮೇಜಿಗೆ ಬಂದೆ, ಹನಿ ಹಾಕಿದೆ, ಮತ್ತೆ ಕಿಟಕಿಗೆ ಹೋದೆ. ತೊಂಬತ್ತು.

ಅತ್ತೆ ಫೋನ್ ಮಾಡಿದರು.

“ಊಟ ಆಯ್ತಾ?”

“ಹೂಂ.” ಆಗಿರಲಿಲ್ಲ.

“ಅವನ ಡಬ್ಬಿ ಏನಂತೆ?”

“ಹೇಳಿದ ಮಾತು ಕೇಳ್ತಿಲ್ಲ ಅತ್ತೆ.”

“ಮಾಡಿದವನ ಬುದ್ಧಿನೇ ಬಂದಿದೆ ಬಿಡು. ಬರ್ತಾ ಬಿಸ್ಕತ್ತು ತಗೊಂಡ್ ಬಾ. ಇರೋದೆಲ್ಲ ಮೆತ್ತಗಾಗಿದೆ. ನೀನು ಒಂದು ಮುಚ್ಚಳಾನೂ ನೆಟ್ಟಗೆ ಹಾಕಲ್ಲ ಕಣೇ. ಅವನು ಮುಚ್ಚಿದ್ರೆ ತೆಗೆಯೋಕೆ ಇಬ್ಬರು ಬೇಕಿತ್ತು.”

ಫೋನ್ ಇಟ್ಟೆ. ಕಿಟಕಿಯ ಗಾಜಿಗೆ ಹಬೆ ಕಟ್ಟಿತ್ತು. ಸೀಸೆಯ ಬಾಯಿ ತೆರೆದೇ ಇತ್ತು, ತಳದಲ್ಲಿ ನಾಲ್ಕು ಹನಿ.

ಭಾರಜಲ ಗಾಳಿಯ ತೇವವನ್ನು ಕುಡಿಯುತ್ತದೆ, ಕುಡಿದಷ್ಟೂ ಮಾಮೂಲಿ ನೀರು ಬೆರೆತು ಅಂಕಿ ಇಳಿಯುತ್ತದೆ. ಇದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದವಳು ನಾನು. ಡಬ್ಬಿ ಬೆಳಿಗ್ಗೆಯಿಂದ ನಿಜವನ್ನೇ ಹೇಳುತ್ತಿತ್ತು.

ಮೇಷ್ಟ್ರ ಕೋಣೆಗೆ ಓಡಿ, ಅವರನ್ನು ಕರೆತಂದು ತೋರಿಸಿದೆ.

“ಬಾಯಲ್ಲಿ ಹೇಳಿದ್ರೆ ಆಗಲ್ಲಮ್ಮ. ಹೊಸ ನೀರಿದ್ಯಾ?”

ಇತ್ತು, ನನ್ನ ಕೈಚೀಲದಲ್ಲಿ. ಇವರು ಕೊನೆಯ ವಾರ ಉರಿಯಲ್ಲಿ ಗಾಜು ಕರಗಿಸಿ ಬಾಯಿ ಮುಚ್ಚಿದ್ದ, ಬೆರಳುದ್ದದ ನಳಿಕೆ. ಮೇಲೆ ಇವರ ಅಕ್ಷರದಲ್ಲಿ 99. ಇವರ ಕೈ ಮುಚ್ಚಿದ್ದು ಇನ್ನೂ ಹಾಗೇ ಇರುವುದೆಂದರೆ ಅದೊಂದೇ.

ಮೇಷ್ಟ್ರಿಗೆ ಗುರುತು ಸಿಕ್ಕಿತು. “ಅದು ಬೇಡ ಬಿಡಮ್ಮ. ಬೇರೆ ತರಿಸೋಣ.”

“ಬರೋಕೆ ತಿಂಗಳಾಗುತ್ತೆ ಸರ್. ಮೇಜು ಇವತ್ತೇ ಹೋಗುತ್ತೆ.”

ಅವರು ಮೇಜಿನಿಂದ ಹಿಂದೆ ಸರಿದು ಜಾಗ ಬಿಟ್ಟರು.

ನಳಿಕೆಯ ಕುತ್ತಿಗೆ ಮುರಿದೆ. ಸಣ್ಣ ಸದ್ದು. ಹನಿ ಹಾಕಿದೆ. ತೊಂಬತ್ತೊಂಬತ್ತು. ಹೊಸ ಪಟ್ಟಿ, ಇನ್ನೊಂದು ಹನಿ. ತೊಂಬತ್ತೊಂಬತ್ತು.

“ಮೇಜು ಇಲ್ಲೇ ಇರ್ಲಿ,” ಎಂದರು ಮೇಷ್ಟ್ರು. “ಮೊದಲು ಊಟ ಮಾಡು ಹೋಗು.”

ಉಳಿದಿದ್ದನ್ನು ಒಣಗಿದ ಬೇರೊಂದು ಸೀಸೆಗೆ ಸುರಿದು ಮುಚ್ಚಳ ತಿರುಗಿಸಿದೆ. ಬಿಗಿಯಾಗಲಿಲ್ಲವೆನಿಸಿ ಮತ್ತೆ ತಿರುಗಿಸಿದೆ. ಬಾಗಿಲವರೆಗೆ ಹೋದವಳು ವಾಪಸು ಬಂದು, ಇನ್ನೊಮ್ಮೆ.