ನೀಲಕ್ಕನ ಕಣ್ಣಿನ ತಾಮ್ರದ ಉಂಗುರ

ಬಿಸಿಲು ಓರೆಯಾಗಿ ಬಿದ್ದಾಗ ನೀಲಕ್ಕನ ಕಣ್ಣಿನ ಕಪ್ಪಿನ ಅಂಚಿನಲ್ಲಿ ಹೊಂಗಂದು ಬಣ್ಣದ ಉಂಗುರವೊಂದು ಮೂಡುತ್ತಿತ್ತು. ನನಗಿಂತ ಐದು ವರ್ಷ ದೊಡ್ಡವಳಾದ ನನ್ನಕ್ಕ ಕಿಟಕಿಯ ಬಳಿ ಕುಳಿತು ಸೀರೆಯ ಸೆರಗಿಗೆ ಕಸೂತಿ ಹಾಕುವಾಗ ನಾನು ಅದನ್ನೇ ನೋಡುತ್ತ ಮೈಮರೆಯುತ್ತಿದ್ದೆ. ಅಂಥದ್ದು ನನಗೂ ಬರಲೆಂದು ಕನ್ನಡಿಯ ಮುಂದೆ ನಿಂತು ಕಾದದ್ದುಂಟು.

ಹದಿನೆಂಟು ತುಂಬಿದ ವರ್ಷ ಅವಳಿಗೆ ಸೂಜಿಗೆ ದಾರ ಪೋಣಿಸುವುದೇ ಕಷ್ಟವಾಯಿತು. ಬೆರಳು ನಡುಗುತ್ತಿತ್ತು, ನಡೆಯುವಾಗ ಹೆಜ್ಜೆ ತಪ್ಪುತ್ತಿತ್ತು, ಮಾತು ನೆನೆದ ಬಟ್ಟೆಯಂತೆ ಭಾರವಾಗಿ ಹೊರಡುತ್ತಿತ್ತು. ಅಕ್ಕ ಮಾತಾಡುವುದನ್ನೇ ಬಿಟ್ಟಳು. ದೃಷ್ಟಿ ಮಂದವಾಗಿರಬೇಕೆಂದು ಅಮ್ಮ ಕಣ್ಣಿನ ಡಾಕ್ಟರ್ ಇಂದುಮತಿಯವರ ಬಳಿಗೆ ಕರೆದೊಯ್ದಳು. ನಾನೂ ಹೋದೆ.

ಕತ್ತಲೆಕೋಣೆಯಲ್ಲಿ ಬೆಳಕಿನ ಸಣ್ಣ ಗೆರೆಯೊಂದನ್ನು ಅಕ್ಕನ ಕಣ್ಣಿಗೆ ಹಾಯಿಸಿ ಡಾಕ್ಟರು ಕಪ್ಪಿನ ಅಂಚನ್ನು ಸುತ್ತಲೂ ನೋಡಿದರು.

"ಈ ಉಂಗುರ ಎಷ್ಟು ದಿನದಿಂದ ಇದೆ?"

"ಅದಾ? ಅವಳ ಕಣ್ಣಿನ ಚಂದಾನೇ ಅದು," ಎಂದಳು ಅಮ್ಮ.

"ಅದು ತಾಮ್ರ, ಅಮ್ಮಾ. ಊಟದಲ್ಲಿ ಬಂದ ತಾಮ್ರ ಹೆಚ್ಚಾದ್ರೆ ಯಕೃತ್ತು ಅದನ್ನ ಪಿತ್ತದ ಜೊತೆ ಹೊರಗೆ ಹಾಕುತ್ತೆ. ಇವಳಲ್ಲಿ ಆ ಕೆಲಸ ನಡೀತಿಲ್ಲ. ಯಕೃತ್ತಲ್ಲಿ, ಮೆದುಳಲ್ಲಿ, ಕಣ್ಣಲ್ಲಿ ಸೇರ್ಕೊಂಡಿದೆ. ವಿಲ್ಸನ್ ಕಾಯಿಲೆ ಅಂತಾರೆ. ತುಂಬಾ ಅಪರೂಪ."

"ನಮ್ಮನೇಲಿ ಯಾರಿಗೂ ಇಲ್ವಲ್ಲ."

"ನಿಮ್ಮಲ್ಲೊಂದು, ಇವರಪ್ಪನಲ್ಲೊಂದು ಕೆಟ್ಟ ಜೀನ್ ಇದೆ. ಒಂದೇ ಇರೋದ್ರಿಂದ ನಿಮಗೇನೂ ಆಗಿಲ್ಲ. ಎರಡೂ ಸಿಕ್ಕ ಮಗುವಿಗೆ ಕಾಯಿಲೆ ಬರುತ್ತೆ." ಅವರು ನನ್ನತ್ತ ತಿರುಗಿದರು. "ಇವಳ ರಕ್ತಾನೂ ನೋಡ್ಬೇಕು."

ನನ್ನ ಕಣ್ಣಲ್ಲಿ ಉಂಗುರವಿರಲಿಲ್ಲ. ಆದರೆ ಎಲ್ಲ ಪರೀಕ್ಷೆಗಳೂ ಮುಗಿದಾಗ, ನನ್ನ ಯಕೃತ್ತೂ ಸದ್ದಿಲ್ಲದೆ ತಾಮ್ರ ಕೂಡಿಡುತ್ತಿದೆಯೆಂದು ತಿಳಿಯಿತು.

"ಬೇಗ ಗೊತ್ತಾಯ್ತು. ಮಾತ್ರೆ ತಪ್ಪಿಸದಿದ್ರೆ ಇವಳು ಚೆನ್ನಾಗಿರ್ತಾಳೆ," ಎಂದರು ಡಾಕ್ಟರು.

"ಅಕ್ಕ?" ಎಂದೆ.

"ಉಂಗುರ ಕರಗುತ್ತೆ. ಕೈ ಎಷ್ಟು ಸುಧಾರಿಸುತ್ತೋ ಹೇಳೋಕಾಗಲ್ಲ."

ಕೆಲವು ವರ್ಷಗಳಲ್ಲಿ ಉಂಗುರ ನಿಜಕ್ಕೂ ಕರಗಿತು. ಮಾತು ಅರ್ಧದಷ್ಟು ಮರಳಿತು. ಸಣ್ಣ ಸೂಜಿ ಮಾತ್ರ ಅವಳ ಕೈಗೆ ಮತ್ತೆ ಒಲಿಯಲಿಲ್ಲ. ನನ್ನ ಬೆರಳು ಇಂದಿಗೂ ನಡುಗಿಲ್ಲ.

ನನ್ನ ಫಲಿತಾಂಶ ಬಂದ ಆ ಸಂಜೆ ಅಮ್ಮ ಔಷಧಿ ಅಂಗಡಿಯಲ್ಲಿದ್ದಳು. ನಾವಿಬ್ಬರೂ ಎದುರಿನ ಕೆರೆಯ ಏರಿಯ ಮೇಲೆ ಕಾಯುತ್ತಿದ್ದೆವು. ಅಕ್ಕನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ತಿಂಗಳುಗಟ್ಟಲೆ ತುಟಿ ಬಿಚ್ಚದಿದ್ದವಳು ಒಂದೊಂದೇ ಅಕ್ಷರವನ್ನು ಕಷ್ಟಪಟ್ಟು ಜೋಡಿಸಿ ಹೇಳಿದಳು:

"ನಾನು ಮೊದ್ಲು ಹುಟ್ಟಿದ್ದು ಒಳ್ಳೇದಾಯ್ತು ಬಿಡೇ."

ಅಮ್ಮ ಕೂಗಿದಾಗ ಎದ್ದೆವು. ಅದುವರೆಗೆ ಯಾರ ಆಸರೆಯನ್ನೂ ಒಪ್ಪದ ಅಕ್ಕ ನನ್ನ ಹೆಗಲಿಗೆ ಕೈಹಾಕಿ ತನ್ನ ಭಾರವನ್ನೆಲ್ಲ ಬಿಟ್ಟಳು. ನೀರಿನಿಂದೆದ್ದ ಮಂಜು ಏರಿಯನ್ನು ದಾಟಿ ನಮ್ಮ ಮೊಣಕಾಲವರೆಗೂ ತುಂಬಿತ್ತು. ಕಣ್ಣಿಗೆ ಕಾಣದ ಮೆಟ್ಟಿಲುಗಳನ್ನು ಪಾದದಿಂದ ತಡವುತ್ತ, ಒಂದೊಂದಾಗಿ ಇಳಿದೆವು.