ಹಲಗೆ ಕಾಸಿದ್ದು

"ಇಸ್ತ್ರಿ ಅಂಗಿ ಹಾಕ್ಕೊಂಡು ಬಂದೀಯಲ್ಲೋ ಮುದುಕಾ! ಇವತ್ತೇನು ನಿನ್ನ ಮದಿವಿ ಅದ ಏನು? ಬಡವ ಕಾಣಬೇಕು ಅಂತ ಹೇಳಿದ್ದಿಲ್ಲೇನು ನಿನಗ?"

ಹೀಗೆ ಬೈದವನು ರವಿಕಿರಣ, ಬೀದರಿನವನು. ಬೆಂಗಳೂರಿನಿಂದ ಸಿನಿಮಾ ತೆಗೆಯಲು ಬಂದವರಿಗೆ ಊರು, ಜನ, ಕುರಿ, ಕೋಳಿ ಎಲ್ಲವನ್ನೂ ಹೊಂದಿಸಿಕೊಡುವುದು ಅವನ ಕೆಲಸ. ವಯಸ್ಸಿನಲ್ಲಿ ನನ್ನ ಮೊಮ್ಮಗನಿಗಿಂತ ಎರಡು ವರ್ಷ ದೊಡ್ಡವನಿರಬಹುದು. ಕೈಯಲ್ಲಿ ಒಂದು ಪಟ್ಟಿ ಹಿಡಿದಿದ್ದ.

"ಹೇಳಿದ್ರಿ," ಎಂದೆ. "ಆದ್ರ ಬಡವ್ರೂ ಜಳಕಾ ಮಾಡತಾರ್ರಿ."

ಸಾಲಿನಲ್ಲಿ ನಿಂತಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ರವಿಕಿರಣ ನಗಲಿಲ್ಲ. ಪಟ್ಟಿಯಲ್ಲಿ ಏನನ್ನೋ ಗೀಚಿದ.

ಮೂರು ದಿನದ ಹಿಂದೆ ಇವನೇ ನಮ್ಮ ಭೀಮನಗರದ ಓಣಿಗೆ ಬಂದಿದ್ದ. ಡಾಬಕಾದಿಂದ ಮುಂದೆ ಎರಡು ಹೊಲ ದಾಟಿದರೆ ನಮ್ಮ ಊರು, ಅಲ್ಲಿಂದ ಆಚೆ ಮಹಾರಾಷ್ಟ್ರ. ಇಲ್ಲಿಯ ತನಕ ಬರುವುದು ಓಟು ಕೇಳುವವರು ಮಾತ್ರ. ಇವನು ಬೇರೆ ಮಾತು ತಂದಿದ್ದ. ಈ ಜಿಲ್ಲೆಯ ಎಲ್ಲ ಥರದ ಮಂದಿಯನ್ನು, ಇದುವರೆಗೆ ಯಾರೂ ತೋರಿಸದವರನ್ನು ತೋರಿಸುವ ಸಿನಿಮಾ ಅದಂತೆ. ಬೀದರ ಕೋಟೆ ಮುಗಿದಿದೆ, ಭಾಲ್ಕಿ ಮುಗಿದಿದೆ, ಔರಾದ ತಾಲ್ಲೂಕು ಉಳಿದಿದೆ. ನಾನು ಎರಡು ಸಲ ಕೇಳಿದ್ದೆ.

"ನಾ ಗೌಂಡಿ ಕೆಲಸದಾಂವ. ಗೌಂಡಿ ಅಂತನೇ ತೋರಸತೀರೇನ್ರಿ?"

"ಯಾರು ಏನದೀರೋ ಹಂಗೇ ತೋರಸತಾರ ಅಜ್ಜಾ."

ನಲವತ್ತೈದು ವರ್ಷ ಗೋಡೆ ಕಟ್ಟಿದ ಕೈ ಇದು. ಊರ ಸಾಲೆಯ ಗೋಡೆ, ನೀರಿನ ಟಾಕಿಯ ಕಟ್ಟೆ, ನಮ್ಮ ಓಣಿಯ ಅರ್ಧ ಮನೆಗಳು. ನಮ್ಮ ಓಣಿಯವರು ಟಿವಿಯಲ್ಲಿ ಬಂದದ್ದು ಒಂದೇ ಸಲ, ಹೊಡೆಸಿಕೊಂಡು ಆಸ್ಪತ್ರೆಯ ಮಂಚದ ಮೇಲೆ ಮಲಗಿದಾಗ. ಈ ಸಲ ಒಬ್ಬ ನಿಂತುಕೊಂಡು ಬರಲಿ, ತಾನು ಕಟ್ಟಿದ ಗೋಡೆಯ ಮುಂದೆ ನಿಂತು ಬರಲಿ ಎಂದು ನನಗೆ ಆಸೆ ಹುಟ್ಟಿತ್ತು. ಹೆಂಡತಿ ಅಂಜನಾಬಾಯಿ ಪಕ್ಕದ ಮನೆಯ ಇಸ್ತ್ರಿ ಪೆಟ್ಟಿಗೆ ಇಸಿದುಕೊಂಡು ಬಂದು ಅಂಗಿ ತೀಡಿದಳು. ತಾನೂ ಇರಕಲ್ ಸೀರೆ ಉಟ್ಟಳು. ಗಾರೆ ಮೆತ್ತುವ ಕರಣಿಯನ್ನು ತೊಳೆದು ಕೈಚೀಲದಲ್ಲಿಟ್ಟುಕೊಂಡು ನಾನು ಹೊರಟೆ.

ಶೂಟಿಂಗು ಪಾಟೀಲರ ವಾಡೆಯಲ್ಲಿ. ಅಂಗಳದ ಮೂಲೆಯಲ್ಲಿ ಖುಷ್ಬೂ ಎಂಬ ಹುಡುಗಿ ಡಬ್ಬಿಗಳನ್ನು ತೆರೆದಿಟ್ಟುಕೊಂಡು ಕುಳಿತಿದ್ದಳು. ಬೀದರಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟವಳು. ಮದುವೆ ಹೆಣ್ಣುಗಳನ್ನು ಬೆಳ್ಳಗೆ ಮಾಡುವುದು ಅವಳ ಕಸುಬು. ಅವಳನ್ನು ಕರೆತಂದು ನಮ್ಮನ್ನು ಹೊಲಸು ಮಾಡಲು ಕೂಡಿಸಿದ್ದರು.

"ಮಾಫ್ ಮಾಡ್ರಿ ಅಜ್ಜಾ," ಎಂದಳು. "ಹನ್ನೆರಡ ವರ್ಷ ಆತು, ಮಂದಿ ಮಾರಿ ಮ್ಯಾಲಿನ ಕಲಿ ತೆಗೀಲತೀನಿ. ಕಲಿ ಹಚ್ಚೋದು ಇವತ್ತೇ ಪೈಲಾ."

"ಚಲೋ ಹಚ್ಚವ್ವಾ. ಕೆಲಸ ಅಂದ ಮ್ಯಾಲ ಸಫಾಯಿ ಇರಬೇಕು."

ಅವಳು ನಗುತ್ತ ನಗುತ್ತ ನನ್ನ ಕೆನ್ನೆಗೆ, ಕೊರಳಿಗೆ, ಮೊಣಕೈಗೆ ಮಸಿ ತಿಕ್ಕಿದಳು. ನನ್ನ ಅಂಗಿ ಬಿಚ್ಚಿಸಿ ವ್ಯಾನಿನೊಳಗಿನ ಪೆಟ್ಟಿಗೆಯಿಂದ ಒಂದು ಹರಕು ಅಂಗಿ ಕೊಟ್ಟರು. ಹರಕುಗಳೆಲ್ಲ ಕತ್ತರಿಯಲ್ಲಿ ನೆಟ್ಟಗೆ ಕತ್ತರಿಸಿದಂಥವು. ಗಾರೆಯಲ್ಲಿ, ಸಿಮೆಂಟಿನಲ್ಲಿ ಇಡೀ ಆಯುಷ್ಯ ಕಳೆದರೂ ನಾನು ಅಂಥ ಅಂಗಿ ತೊಟ್ಟಿರಲಿಲ್ಲ. ಹರಿದರೆ ಅಂಜನಾಬಾಯಿ ಹೊಲಿಯುತ್ತಿದ್ದಳು. ಹೊಲಿದದ್ದು ಇವರಿಗೆ ಬೇಡವಾಗಿತ್ತು.

ಅತ್ತ ಅಂಜನಾಬಾಯಿಯ ಇರಕಲ್ ಸೀರೆಯ ಮೇಲೆ ಒಂದು ಗೋಣಿ ತಟ್ಟು ಹೊದಿಸಿ ಬಾಗಿಲ ಬಳಿ ಕೂಡಿಸಿದ್ದರು. ಕ್ಯಾಮೆರಾದ ಹುಡುಗ ಬೆಂಗಳೂರಿನ ಮೆತ್ತನೆಯ ಕನ್ನಡದಲ್ಲಿ ಹೇಳುತ್ತಿದ್ದ.

"ಅಮ್ಮಾ, ದೂರ ನೋಡಿ. ಸ್ವಲ್ಪ ಅಳಿ."

"ಯಾಕ? ಯಾರ ಸತ್ತಾರ?"

"ಯಾರೂ ಸತ್ತಿಲ್ಲಮ್ಮ. ಸುಮ್ನೆ, ಮುಖದಲ್ಲಿ ನೋವು ಕಾಣಬೇಕು."

"ನೋವು ಮೊಳಕಾಲಾಗ ಅದ ತಮ್ಮಾ. ತೋರಸಲೇನು?"

ಅವನು ಕ್ಯಾಮೆರಾ ಎತ್ತಿಕೊಂಡು ಕುರಿಗಳ ಕಡೆ ಹೋದ.

ಅಷ್ಟರಲ್ಲಿ ಕಲೀಮ ಬಂದ. ಔರಾದಿನಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುವವನು, ನಮ್ಮ ಊರಿನ ಎಲ್ಲ ಮೋಟಾರುಗಳ ಹೊಟ್ಟೆಯೊಳಗಿನದು ಅವನಿಗೆ ಗೊತ್ತು. ರವಿಕಿರಣನ ಪಟ್ಟಿಯಲ್ಲಿ 'ಮುಸ್ಲಿಂ, ಒಬ್ಬ' ಎಂದು ಇತ್ತು. ಕಲೀಮ ಗಡ್ಡ ನುಣ್ಣಗೆ ಬೋಳಿಸಿ, ಜೀನ್ಸ್ ಪ್ಯಾಂಟು ಹಾಕಿ, ಅತ್ತರು ಹೊಡೆದುಕೊಂಡು ಬಂದಿದ್ದ. ಸಿನಿಮಾ ಮಾಡಿಸುವ ಮೇಘಾ ಮೇಡಂ ಅವನನ್ನು ಸಣ್ಣ ಪರದೆಯಲ್ಲಿ ಒಮ್ಮೆ, ಕಣ್ಣಾರೆ ಒಮ್ಮೆ ನೋಡಿ, ರವಿಕಿರಣನ ಕಿವಿಯ ಬಳಿ, "ಇವರು ಮುಸ್ಲಿಂ ಥರ ಕಾಣ್ತಿಲ್ವಲ್ಲ," ಎಂದರು.

ಕಲೀಮನ ಕಿವಿ ಚುರುಕು. "ಮೇಡಂ, ನಲವತ್ತ ವರ್ಷದಿಂದ ಮುಸಲ್ಮಾನ ಅದೀನ್ರಿ. ನಮ್ಮಪ್ಪ ಅದಾನ, ಅವರಪ್ಪ ಇದ್ದ. ಇವತ್ತ ನೀವು ಬಂದು ಫೇಲ್ ಮಾಡಿದ್ರಿ?"

"ಹಾಗಲ್ಲ, ತಪ್ಪು ತಿಳ್ಕೋಬೇಡಿ. ನೋಡುವವರಿಗೆ ಗೊತ್ತಾಗಬೇಕಲ್ಲ..."

ಗೊತ್ತಾಗುವಂಥವನು ಕೊನೆಗೆ ಸಿಕ್ಕಿದ. ಕುರಿ ಕಾಯುವ ಧೂಳಪ್ಪ. ಬೀರಪ್ಪನಿಗೆ ಹರಕೆ ಹೊತ್ತು ಎರಡು ವರ್ಷದಿಂದ ಗಡ್ಡ ಬಿಟ್ಟಿದ್ದ, ಎದೆಯ ತನಕ ಇಳಿದಿತ್ತು. ಅವನ ರುಮಾಲು ತೆಗೆಸಿ ಬಿಳಿ ಟೊಪ್ಪಿಗೆ ಇಟ್ಟರು. ಕಣ್ಣಿಗೆ ಸುರ್ಮಾ ಹಚ್ಚಿದರು. ಕೈಗೊಂದು ಆಡು ಕೊಟ್ಟರು.

"ಕುರಿ ಆದ್ರ ಹಿಡೀತೇನ್ರಿ," ಎಂದ ಧೂಳಪ್ಪ. "ಆಡು ನನ್ನ ಮಾತು ಕೇಳಂಗಿಲ್ಲ."

ಕಲೀಮ ಹತ್ತಿರ ಹೋಗಿ ಟೊಪ್ಪಿಗೆ ಸರಿಮಾಡಿದ. "ಹಿಂದಕ ಸರಸೋ ಮಾರಾಯ. ಹಂಗಿಟ್ರ ಔಷಧದ ಬಾಟ್ಲಿ ಬಿರಡಿ ಕಂಡಂಗ ಕಾಣತದ."

"ಈಗ ನಾ ಏನಂತ ಮಾತಾಡಬೇಕೋ ಕಲೀಮ?"

"ಏನೂ ಬ್ಯಾಡ. ಸಿನಿಮಾದಾಗ ನಮಗ ಮಾತೇ ಇರಂಗಿಲ್ಲ. ಸುಮ್ಮ ಆಡಿನ ಕಿವಿ ಸವರಕೋತ ನಿಂದ್ರು."

ಕಲೀಮನನ್ನು ಹಿಂದಿನ ಸಾಲಿನಲ್ಲಿ 'ಊರವರು' ಎಂದು ನಿಲ್ಲಿಸಿದರು.

ಆಮೇಲೆ ನನ್ನನ್ನು ಕರೆದರು. ವಾಡೆಯ ಪಡಸಾಲೆಯಲ್ಲಿ ಕೈಲಾಶ ಪಾಟೀಲರು ರೇಷ್ಮೆ ಜುಬ್ಬಾ ಹಾಕಿಕೊಂಡು ಆರಾಮ ಕುರ್ಚಿಯಲ್ಲಿ ಕುಳಿತಿದ್ದರು. ಸಿನಿಮಾದಲ್ಲಿ ಅವರು ಅವರೇ. ಅವರ ಕೆನ್ನೆಗೆ ಖುಷ್ಬೂ ಏನೂ ಹಚ್ಚಿರಲಿಲ್ಲ. ನಾನು ಅವರ ಮುಂದೆ ನೆಲದ ಮೇಲೆ ಕುಳಿತು ಕರಣಿ ಹೊರತೆಗೆದೆ.

"ಯಾವ ಗ್ವಾಡಿ ಹತ್ರ ನಿಂದ್ರಲ್ರಿ ಮೇಡಂ?"

"ಇದೇನು ಸರ್?"

"ಕರಣಿ ರೀ. ನಾ ಗೌಂಡಿ."

ಮೇಘಾ ಮೇಡಂ ನನ್ನ ಸಮಕ್ಕೆ ನೆಲದ ಮೇಲೆ ಕುಳಿತರು. ಮುಂಜಾನೆಯಿಂದ ಎಲ್ಲರಿಗೂ ತಾವೇ ನೀರು ಕೊಡುತ್ತಿದ್ದ ಹೆಣ್ಣುಮಗಳು. "ನೋಡಿ ಸರ್, ಗಾರೆ ಕೆಲಸದವರು ಎಲ್ಲಾ ಕಡೆ ಇರ್ತಾರೆ. ನಮಗೆ ನಿಮ್ಮ ಸಮುದಾಯದ ಪ್ರಾತಿನಿಧ್ಯ ಬೇಕು. ಬರೀ ಕರಣಿ ಹಿಡಿದು ನಿಂತರೆ ನೀವು ಯಾರು ಅಂತ ಜನಕ್ಕೆ ಹೇಗೆ ಗೊತ್ತಾಗಬೇಕು?"

"ಹೆಸರು ಹಾಕ್ರಿ. ಧೊಂಡಿಬಾ, ಗೌಂಡಿ, ಅಂತ."

ಪಾಟೀಲರು ನಕ್ಕರು. "ಏ ಧೊಂಡ್ಯಾ, ಮೇಡಂ ಮುಂದ ಶಾಣ್ಯಾತನ ಹಚ್ಚಬ್ಯಾಡ. ನಿಮ್ಮ ಅಪ್ಪ ಹಲಗಿ ಬಾರಸಿದ್ರ ಮೂರು ಊರಿಗಿ ಕೇಳತಿತ್ತು. ಅದನ್ನ ಹಿಡಿ." ಆಳಿನ ಕಡೆ ಕೈ ಮಾಡಿದರು. ಆಳು ಗೋಡೆಯ ಮೇಲಿನ ಜಿಂಕೆಯ ಕೊಂಬಿನ ಪಕ್ಕದಿಂದ ಹಲಗೆಯನ್ನೂ ಅದರ ಕೋಲನ್ನೂ ಇಳಿಸಿ ತಂದ. "ನಮ್ಮ ಮನಿತನದ್ದು ಮೇಡಂ. ಪ್ರತಿ ದಸರಾಕ್ಕ ಎಣ್ಣಿ ಹಚ್ಚಸತೇನಿ. ಚರ್ಮಾ ನೋಡ್ರಿ, ಹೊಸಾದು ಇದ್ದಂಗ ಅದ."

ಆ ಹಲಗೆ ನನ್ನ ಅಪ್ಪನದು. ಚರ್ಮದ ಸುತ್ತಿನ ಬಳೆಯ ಕೂಡಿಕೆಗೆ ತಾಮ್ರದ ತಂತಿ ಸುತ್ತಿದ್ದು ನಾನೇ, ಸಣ್ಣವನಿದ್ದಾಗ. ಏಳು ಸುತ್ತು, ಕೊನೆಯದು ಸೊಟ್ಟ. ಸೊಟ್ಟ ಹಾಗೇ ಇತ್ತು.

ನನಗೆ ಹದಿನೆಂಟಾದ ವರ್ಷ ನಮ್ಮ ಓಣಿಯ ಹಿರಿಯರು ಉದಗೀರಿನ ಒಂದು ಸಭೆಗೆ ಹೋಗಿ ಬಂದರು. ಇನ್ನು ಸತ್ತ ದನ ಎಳೆಯುವುದಿಲ್ಲ, ಹಲಗೆ ಬಾರಿಸುವುದಿಲ್ಲ ಎಂದು ಗೊತ್ತು ಮಾಡಿದರು. ಒಂಬತ್ತು ಹಲಗೆ ಹಾಳು ಬಾವಿಗೆ ಬಿದ್ದವು. ಹತ್ತನೆಯದು ಅಪ್ಪನದು, ಅದನ್ನು ಹಾಕುವ ಮೊದಲೇ ಕೈಲಾಶ ಪಾಟೀಲರ ಅಜ್ಜ ಸತ್ತರು. ಹೆಣದ ಮುಂದೆ ಬಾರಿಸು ಎಂದರೆ ಅಪ್ಪ ಒಲ್ಲೆನೆಂದ. ಇದೇ ಪಡಸಾಲೆಯ ಕಂಬಕ್ಕೆ ಕಟ್ಟಿ, ಹಲಗೆಯ ಕೋಲಿನಿಂದಲೇ ಅವನ ಬಲಗೈ ಬೆರಳುಗಳನ್ನು ಜಜ್ಜಿದರು. ಹಲಗೆ ಊರಿನದು, ನಿಮ್ಮಪ್ಪನದಲ್ಲ ಎಂದು ಕಸಿದುಕೊಂಡರು. ಆಮೇಲೆ ಅಪ್ಪ ಸಾಯುವ ತನಕ ಎಡಗೈಯಲ್ಲಿ ಉಂಡ. ನಾನು ಈ ವಾಡೆಯ ಹಿಂಬದಿಗೆ ಬಚ್ಚಲು ಕಟ್ಟಿಕೊಟ್ಟಿದ್ದೇನೆ, ಮುಂದಿನ ಬಾಗಿಲಿನಿಂದ ಒಳಗೆ ಬಂದದ್ದು ಈ ಶೂಟಿಂಗಿನ ದಿನವೇ ಮೊದಲು. ಹಲಗೆ ಐವತ್ತೆರಡು ವರ್ಷ ಆ ಗೋಡೆಯ ಮೇಲಿದ್ದದ್ದು ನನಗೆ ತಿಳಿದಿರಲಿಲ್ಲ.

"ನಾವು ಬಿಟ್ಟೇವ್ರಿ ಮೇಡಂ," ಎಂದೆ.

"ಅಯ್ಯೋ, ಯಾಕೆ ಬಿಟ್ರಿ? ಎಂಥಾ ಕಲೆ ಅದು!"

"ಪಾಟೀಲ ಸಾಬರಿಗಿ ಗೊತ್ತದ. ಕೇಳ್ರಿ."

ಪಾಟೀಲರು ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿದರು. "ಕುಡ್ಯೋದು ಜಾಸ್ತಿ ಆತು ಮೇಡಂ ಈ ಮಂದಿಗಿ. ಕಲಾ ಮರತ್ರು."

ಮೇಡಂ ಬೆಳಕು ನೋಡಲು ಎದ್ದು ಹೋದರು. ಪಾಟೀಲರು ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಸೂಳಿಮಗನ, ಮೂರು ನಿಮಿಷ ಬಾರಸಲಿಕ್ಕ ನಿನಗೇನು ರೋಗ? ಬೆಂಗಳೂರ ಮಂದಿ ಮುಂದ ನನ್ನ ಮಾರಿ ಸಣ್ಣದು ಮಾಡತೀಯೇನು? ನಾಳಿಂದ ನಿಮ್ಮ ಓಣಿ ನಳದ ವಾಲ್ವ್ ಯಾವ ಮಗ ತಿರಗಸತಾನ ನೋಡತೇನಿ."

ಅಂಜನಾಬಾಯಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗೋಣಿ ತಟ್ಟನ್ನು ಕಿತ್ತು ನೆಲಕ್ಕೆ ಒಗೆದಳು. "ನಡೀರಿ ಮನಿಗಿ. ನೀರು ಡಾಬಕಾದಿಂದ ಹೊತ್ತು ತರತೇನಿ."

ನಾನು ಏಳಲಿಲ್ಲ. ಎರಡೂ ಕೈ ಚಾಚಿ, "ಆತ್ರಿ, ಕೊಡ್ರಿ," ಎಂದೆ.

ಅಂಜನಾಬಾಯಿ ನನ್ನ ಕಡೆ ನೋಡುವುದನ್ನು ಬಿಟ್ಟಳು. ಹಿಂದಿನ ಸಾಲಿನಲ್ಲಿ ಕಲೀಮ ತಲೆ ತಗ್ಗಿಸಿದ.

"ಆದ್ರ ಚರ್ಮಾ ತಣ್ಣಗದ," ಎಂದೆ. "ಹಲಗಿ ಕಾಸಬೇಕು. ಕಾಸದಿದ್ರ ದನಿ ಕೊಡಂಗಿಲ್ಲ. ಅಂಗಳದಾಗ ಬೆಂಕಿ ಹಾಕ್ರಿ."

ಪಾಟೀಲರೇ ಕೂಗಿ ತೊಗರಿ ಕಟ್ಟಿಗೆ ತರಿಸಿದರು. ಹೊತ್ತು ಇಳಿಯುತ್ತಿತ್ತು. ಉರಿ ಎದ್ದದ್ದೇ ಮೇಡಂ ಅವರ ಮುಖ ಅರಳಿತು. "ವಾವ್! ಇದನ್ನು ಪೂರ್ತಿ ತಗೋ," ಎಂದು ಕ್ಯಾಮೆರಾದವನಿಗೆ ಹೇಳಿ, ನಮ್ಮೆಲ್ಲರ ಕಡೆ ತಿರುಗಿ, "ನಾನು ಕಟ್ ಅನ್ನೋವರೆಗೂ ಯಾರೂ ಫ್ರೇಮ್ ಒಳಗೆ ಬರಬೇಡಿ, ಪ್ಲೀಸ್," ಎಂದರು. ಕ್ಯಾಮೆರಾದ ಮೇಲೆ ಕೆಂಪು ದೀಪ ಹತ್ತಿತು.

ನಾನು ಬೆಂಕಿಯ ಮುಂದೆ ಕುಕ್ಕರುಗಾಲಲ್ಲಿ ಕುಳಿತೆ. ಹಲಗೆಯನ್ನು ಉರಿಯಿಂದ ಒಂದು ಗೇಣು ಮೇಲೆ ಹಿಡಿಯಬೇಕು. ರೊಟ್ಟಿ ತಿರುವಿದಂತೆ ತಿರುಗಿಸುತ್ತ ಇರಬೇಕು, ಒಂದೇ ಕಡೆ ನಿಲ್ಲಿಸಬಾರದು. ನಡುನಡುವೆ ಬೆರಳಿನಿಂದ ತಟ್ಟಿ ಕೇಳಬೇಕು. ಅಪ್ಪ ಕಲಿಸಿದ್ದು ಇಷ್ಟು. ಚರ್ಮ ಬಿಗಿಯಾಗುತ್ತ ಬಂತು. ನಾನು ಕೋಲೆತ್ತಿ ಒಂದು ಪೆಟ್ಟು ಹಾಕಿದೆ.

ದನಿ ವಾಡೆಯ ಗೋಡೆಗೆ ಬಡಿದು ವಾಪಸು ಬಂತು. ಧೂಳಪ್ಪನ ಕೈಯಿಂದ ಆಡು ಕೊಸರಿಕೊಂಡು ಓಡಿತು. ನನ್ನ ಮಣಿಕಟ್ಟು ನನ್ನನ್ನು ಕೇಳದೆ ಎರಡನೆಯ ಪೆಟ್ಟು ಹಾಕಿತು, ಮೂರನೆಯದನ್ನೂ ಹಾಕಿತು. ಸುಳ್ಳು ಯಾಕೆ ಹೇಳಲಿ, ಎದೆಯೊಳಗೆ ಏನೋ ಸುಖವಾಯಿತು.

"ಶಾಭಾಸ್!" ಪಾಟೀಲರು ತೊಡೆ ತಟ್ಟಿದರು. "ನೋಡಿದ್ರೇನು ಮೇಡಂ? ಎಷ್ಟ ಗೌಂಡಿ ಅಂದ್ರೂ ಅದು ರಕ್ತದಾಗ ಇರತದ."

"ಇನ್ನೊಂದೀಟ ಕಾಯಬೇಕ್ರಿ," ಎಂದು ನಾನು ಹಲಗೆಯನ್ನು ಮತ್ತೆ ಬೆಂಕಿಗೆ ಹಿಡಿದೆ.

ಈ ಸಲ ತಿರುಗಿಸಲಿಲ್ಲ. ಗೇಣು ಬಿಡಲಿಲ್ಲ. ಉರಿಯ ನೆತ್ತಿಯ ಮೇಲೇ ಇಟ್ಟೆ. ಐವತ್ತೆರಡು ದಸರೆಯ ಎಣ್ಣೆ ಚರ್ಮದಿಂದ ಹನಿಹನಿಯಾಗಿ ಇಳಿಯತೊಡಗಿತು. ಒಂದೊಂದು ಹನಿಗೂ ಬೆಂಕಿ ಚಟ್ಟೆಂದು ಎದ್ದಿತು.

"ಬ್ಯೂಟಿಫುಲ್," ಮೇಡಂ ಉಸಿರಿನಲ್ಲೇ ಹೇಳಿದರು. "ಹಾಗೇ ಇರಿ ಸರ್. ಅಲುಗಾಡಬೇಡಿ."

ನಾನು ಅಲುಗಾಡಲಿಲ್ಲ. ನಡುವೆ ಒಂದು ಕಪ್ಪು ಕಲೆ ಮೂಡಿತು. ಮೊದಲು ರೂಪಾಯಿಯಷ್ಟು, ಆಮೇಲೆ ರೊಟ್ಟಿಯಷ್ಟು. ಹಲಗೆ ಕಾಸಿದ್ದನ್ನು ಕಂಡವರು ಆ ಅಂಗಳದಲ್ಲಿ ಇಬ್ಬರೇ ಇದ್ದರು, ನಾನು ಮತ್ತು ಅಂಜನಾಬಾಯಿ. ಅವಳು ಮೆಲ್ಲಗೆ ತಲೆ ಎತ್ತಿದಳು.

ಪಟಾರೆಂದು ಚರ್ಮ ಸೀಳಿತು.

"ಏ! ಏ! ಸುಡಲತದಲ್ಲೋ ಬೋಳಿಮಗನ! ತೆಗೀ!" ಪಾಟೀಲರು ಕುರ್ಚಿ ಕೆಡವಿ ಓಡಿ ಬಂದರು. ಬೆಂಕಿಗೆ ಹತ್ತು ಹೆಜ್ಜೆ ಇರುವಾಗ ರವಿಕಿರಣ ಎರಡೂ ಕೈ ಅಡ್ಡ ಹಿಡಿದ.

"ಸರ್, ಸರ್! ಫ್ರೇಮಿನಾಗ ಬರಬ್ಯಾಡ್ರಿ! ಮೇಡಂ ಕಟ್ ಅಂದಿಲ್ಲ!"

"ನಿನ್ನ ಫ್ರೇಮಿನವ್ವನ, ನಮ್ಮ ಅಜ್ಜನ ಕಾಲದ್ದದು!"

"ಒಂದೇ ನಿಮಿಷ ಸರ್, ಶಾಟ್ ಹಾಳಾಗತದ!"

ಕಲೀಮ ಹಿಂದಿನ ಸಾಲಿನಿಂದ ಮುಂದೆ ಬಂದು ರವಿಕಿರಣನ ಪಕ್ಕ ತಾನೂ ಕೈ ಅಡ್ಡ ಹಿಡಿದ. "ಹೌದ್ರಿ ಪಾಟೀಲ ಸಾಬ, ಮೇಡಂ ಹೇಳ್ಯಾರ. ಸಿನಿಮಾದ ಕಾಯದಾ ಇರತದ." ಟೊಪ್ಪಿಗೆ ಇಟ್ಟುಕೊಂಡೇ ಧೂಳಪ್ಪನೂ ಬಂದು ನಿಂತ. ಅವನಿಗೆ ಏನೆಂದು ತಿಳಿದಿತ್ತೋ ಇಲ್ಲವೋ, ಕೈ ಮಾತ್ರ ಅಗಲ ಮಾಡಿದ್ದ.

ಚರ್ಮ ಸುರುಳಿಯಾಗಿ ಉದುರಿತು. ನಾತ ಅಂಗಳವೆಲ್ಲ ತುಂಬಿತು. ಬೆಂಗಳೂರಿನವರು ಮೂಗು ಮುಚ್ಚಿಕೊಂಡರು. ನನ್ನ ಬೆರಳುಗಳು ಸುಡುತ್ತಿದ್ದವು, ಬಳೆಯನ್ನು ಬಿಡಲಿಲ್ಲ.

ಮೇಘಾ ಮೇಡಂ ಪರದೆಯಿಂದ ಕಣ್ಣು ತೆಗೆದರು. ಏನೋ ಸರಿಯಿಲ್ಲ ಎಂದು ಅವರಿಗೆ ಆಗಷ್ಟೇ ಹೊಳೆದಂತಿತ್ತು. "ಸರ್... ಬಾರಿಸೋದು ಇನ್ನೂ ತಗೊಂಡಿಲ್ಲ. ಇನ್ನೊಂದು ಹಲಗೆ ಸಿಗುತ್ತಾ ಊರಲ್ಲಿ?"

"ಇಲ್ಲವ್ವಾ," ಎಂದಳು ಅಂಜನಾಬಾಯಿ. "ಇದೊಂದೇ ಉಳದಿತ್ತು."

ಪಾಟೀಲರು ಮೂವರನ್ನೂ ನೂಕಿ ಒಳಗೆ ನುಗ್ಗಿದರು. ನನ್ನ ತಲೆಯ ಮೇಲೆ ಅವರ ಬಲಗೈ ಎದ್ದಿತು, ಅಂಗೈ ಅಗಲವಾಗಿ, ಐದೂ ಬೆರಳಿನಲ್ಲಿ ಉಂಗುರ ಹೊಳೆಯುತ್ತ. ಅಷ್ಟರಲ್ಲಿ ಅವರ ಕಣ್ಣು ಕ್ಯಾಮೆರಾದ ಮೇಲೆ ಬಿತ್ತು. ಕೆಂಪು ದೀಪ ಹಾಗೇ ಉರಿಯುತ್ತಿತ್ತು.

ಎತ್ತಿದ ಕೈ ಎತ್ತಿದಂತೆಯೇ ನಿಂತಿತು.

ನಾನು ಮುಖ ಮೇಲೆ ಮಾಡಿ ಆ ಕೈಯನ್ನೇ ನೋಡುತ್ತ ಕುಳಿತೆ. ಕಟ್ ಎಂದು ಯಾರೂ ಹೇಳಲಿಲ್ಲ.